ತಾತನ ಲಕೋಟೆಯಲ್ಲೊಂದು ಕಿಂಡಿ

ಬಳ್ಳಾರಿಯ ನಮ್ಮ ಹಳೇ ಮನೆಯ ಅಟ್ಟದ ಮೇಲೆ ತಾತನ ತಗಡಿನ ಟ್ರಂಕ್ ಒಂದಿತ್ತು. ಅದರೊಳಗೆ ಹಳೇ ಪಂಚಾಂಗಗಳು, ಹೊಲದ ಕಾಗದಪತ್ರ, ಕಾಲು ಮುರಿದ ಕನ್ನಡಕ, ಜೊತೆಗೆ ದಾರ ಸುತ್ತಿದ ಲಕೋಟೆಗಳ ಒಂದು ಕಟ್ಟು. 1974ರ ಬೇಸಿಗೆ ರಜೆಯಲ್ಲಿ ಆ ಕಟ್ಟು ನನ್ನ ಕಣ್ಣಿಗೆ ಬಿತ್ತು. ನನಗಾಗ ಹತ್ತು ವರ್ಷ. ಅಂಚೆಚೀಟಿ ಕೂಡಿಸುವ ಹುಚ್ಚು ಹೊಸದಾಗಿ ಹತ್ತಿತ್ತು.

ಒಂದು ಲಕೋಟೆಯ ಮೇಲಿನ ಚೀಟಿ ನೋಡಿ ಎದೆ ಜೋರಾಗಿ ಹೊಡೆದುಕೊಂಡಿತು. ಐದನೇ ಜಾರ್ಜ್ ದೊರೆಯ ಮುಖ, ಪಕ್ಕದಲ್ಲಿ ಜೋಡಿ ರೆಕ್ಕೆಯ ವಿಮಾನ! ಅಜ್ಜಿಯ ಹೊಲಿಗೆ ಡಬ್ಬಿಯಿಂದ ಕತ್ತರಿ ತಂದೆ. ಲಕೋಟೆಯ ಮೂಲೆಯನ್ನು ಚೌಕವಾಗಿ ಕತ್ತರಿಸಿ, ನೀರಲ್ಲಿ ನೆನೆಸಿ, ಚೀಟಿ ಬಿಡಿಸಿ, ಆಲ್ಬಮ್ಮಿಗೆ ಅಂಟಿಸಿದೆ.

ಸಂಜೆ ತಾತನಿಗೆ ಗೊತ್ತಾಯಿತು. ಬೈಯಲಿಲ್ಲ. ಲಕೋಟೆಯನ್ನು ಬೆಳಕಿಗೆ ಹಿಡಿದು, ಆ ಕಿಂಡಿಯಿಂದಲೇ ನನ್ನನ್ನು ನೋಡಿ, "ಇದು ನಮ್ಮಣ್ಣ ಕರಾಚಿಯಿಂದ ಹಾಕಿದ ಕಾಗದಪ್ಪ. ಟಾಟಾ ಅವರ ಟಪಾಲು ವಿಮಾನ ಮೊದಲನೇ ಸರ್ತಿ ಬಳ್ಳಾರಿಗೆ ಬಂತು ನೋಡು, ಅದರಾಗ ಬಂದಿದ್ದು" ಎಂದರು. ಮತ್ತೆ ಲಕೋಟೆಯನ್ನು ಕಟ್ಟಿನಲ್ಲಿ ಸೇರಿಸಿ ದಾರ ಸುತ್ತಿದರು. ಅವರ ಅಣ್ಣ ಕರಾಚಿಯ ಬಂದರಿನಲ್ಲಿ ಗುಮಾಸ್ತರಾಗಿದ್ದರಂತೆ. ಊರಿಗೆ ಮರಳಲೇ ಇಲ್ಲ. ಒಳಗಿದ್ದ ಪತ್ರ ಎಂದೋ ಗೆದ್ದಲ ಪಾಲಾಗಿತ್ತು. ಉಳಿದಿದ್ದು ಲಕೋಟೆ ಮಾತ್ರ.

ನಾನೋ, ರಜೆ ಮುಗಿದ ಮೇಲೆ ಆ ಚೀಟಿಯನ್ನು ಗೆಳೆಯನಿಗೆ ಕೊಟ್ಟು ಬದಲಿಗೆ ಎರಡು ತ್ರಿಕೋನದ ಚೀಟಿ ಗಿಟ್ಟಿಸಿದೆ. ಲಾಭದ ವ್ಯಾಪಾರ ಅಂದುಕೊಂಡಿದ್ದೆ!

ಮಾಡಿದ್ದು ಎಂಥ ಕೆಲಸವೆಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ, ಬೆಂಗಳೂರಿನ ಅಂಚೆಚೀಟಿ ಪ್ರದರ್ಶನದಲ್ಲಿ. ಅಲ್ಲಿ ಗಾಜಿನ ಹಿಂದೆ ಒಂದು ಲಕೋಟೆ. ಅದರ ಮೇಲೆ ಕಡುಗೆಂಪು ಶಾಯಿಯ ದುಂಡು ಮುದ್ರೆ, ಮುದ್ರೆಯೊಳಗೆ ಬೆಟ್ಟದ ಮೇಲೆ ಹಾರುವ ಪುಟ್ಟ ವಿಮಾನ. 1911ರ ಫೆಬ್ರವರಿ 18ರಂದು ಅಲಹಾಬಾದಿನಿಂದ ಯಮುನಾ ನದಿ ದಾಟಿ ನೈನಿಗೆ ಹಾರಿದ ಟಪಾಲು ಅದು. ಜಗತ್ತಿನ ಮೊದಲ ಅಧಿಕೃತ ವಿಮಾನ ಅಂಚೆ ಹಾರಿದ್ದು ನಮ್ಮ ದೇಶದಲ್ಲೇ!

ಹಾರಿಸಿದವನು ಹೆನ್ರಿ ಪೆಕೆ ಎಂಬ ಫ್ರಾನ್ಸಿನ ತರುಣ. ವಯಸ್ಸು 23. ಮರದ ಚೌಕಟ್ಟು, ಬಟ್ಟೆ ಹೊದಿಸಿದ ರೆಕ್ಕೆ, ಬಿಗಿದ ತಂತಿಗಳು, ಇಷ್ಟೇ ಅವನ ವಿಮಾನ. ಸುತ್ತ ಗೋಡೆಯಿಲ್ಲ, ಮುಂದೆ ಗಾಜಿಲ್ಲ, ತಲೆಯ ಮೇಲೆ ಸೂರಿಲ್ಲ. ಕಾಲಿನ ಕೆಳಗೆ ನೋಡಿದರೆ ಯಮುನೆಯ ನೀರು. ಹತ್ತಿರ ಹತ್ತಿರ ಆರೂವರೆ ಸಾವಿರ ಪತ್ರಗಳನ್ನು ಹೊತ್ತು ಆತ ಸುಮಾರು ಹತ್ತು ಕಿಲೋಮೀಟರ್ ಹಾರಿದ. ಹಿಡಿದದ್ದು 13 ನಿಮಿಷ. ಅಲ್ಲಿಂದ ಮುಂದೆ ಪತ್ರಗಳು ಎಂದಿನಂತೆ ರೈಲು, ಹಡಗು ಹಿಡಿದು ತಮ್ಮ ತಮ್ಮ ಊರು ಸೇರಿದವು. ಒಂದೊಂದು ಪತ್ರಕ್ಕೂ ಆರಾಣೆ ಹೆಚ್ಚಿನ ಶುಲ್ಕ. ಆ ಹಣ ಅಲಹಾಬಾದಿನ ಒಂದು ವಿದ್ಯಾರ್ಥಿನಿಲಯಕ್ಕೆ ಹೋಯಿತು.

ನನ್ನ ಕತ್ತರಿಗೆ ಸಿಕ್ಕ ಚೀಟಿಯ ಕಥೆಯೂ ಅಲ್ಲೇ ತಿಳಿಯಿತು. ಅದು 1929ರಲ್ಲಿ ಹೊರಬಂದ ಭಾರತದ ಮೊದಲ ವಿಮಾನ ಅಂಚೆಚೀಟಿಗಳಲ್ಲಿ ಒಂದು. ಅದರ ಮೇಲಿದ್ದದ್ದು ಹರ್ಕ್ಯುಲಿಸ್ ಎಂಬ ಮೂರು ಎಂಜಿನ್‌ಗಳ ವಿಮಾನ. ಅದರಲ್ಲಿ ಪ್ರಯಾಣಿಕರಿಗೆ ಮುಚ್ಚಿದ ಕೋಣೆಯಿತ್ತು. ಪೈಲಟ್‌ಗಳು ಮಾತ್ರ ಮೊದಮೊದಲು ಬಯಲಲ್ಲೇ ಕೂರಬೇಕಿತ್ತು. ಗಾಳಿ, ಮಳೆ, ಮರುಭೂಮಿಯ ಧೂಳು ಎಲ್ಲ ಮುಖಕ್ಕೇ. ನಾವು ಸ್ಕೂಟರಿನಲ್ಲಿ ಹತ್ತು ನಿಮಿಷ ಎದುರುಗಾಳಿಗೆ ಹೋದರೆ ಕಣ್ಣಲ್ಲಿ ನೀರು ಬರುತ್ತದೆ. ಅವರು ಗಂಟೆಗಟ್ಟಲೆ ಹಾಗೆ ಕೂತು ಟಪಾಲು ತಂದರು.

ಕರಾಚಿಯವರೆಗೆ ಬಂದ ವಿಮಾನ ಅಂಚೆಯನ್ನು ನಮ್ಮ ಕಡೆಗೆ ತಂದದ್ದು ಜೆ.ಆರ್.ಡಿ. ಟಾಟಾ. 1932ರ ಅಕ್ಟೋಬರ್ 15ರಂದು ಪುಸ್ ಮಾತ್ ಎಂಬ ಒಂದೇ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ತಾವೇ ಹಾರಿಸಿಕೊಂಡು ಬಂದರು. ಅಷ್ಟು ಹೊತ್ತಿಗೆ ಪೈಲಟ್ ತಲೆಯ ಮೇಲೆ ಸೂರು ಬಂದಿತ್ತು. ಮುಂಬಯಿಯಿಂದ ಟಪಾಲು ಚೀಲಗಳನ್ನು ನೆವಿಲ್ ವಿನ್ಸೆಂಟ್ ಮದರಾಸಿಗೆ ಒಯ್ದರು. ದಾರಿಯಲ್ಲಿ ಇಳಿದ ಊರು ನಮ್ಮ ಬಳ್ಳಾರಿ!

ಅಂದರೆ ತಾತ ಹೇಳಿದ್ದು ನಿಜವಿರಬಹುದು. ಊರಿಗೆ ಓಡಿಹೋಗಿ ಟ್ರಂಕ್ ತೆಗೆದೆ. ತಾತ ಅಷ್ಟರಲ್ಲಿ ತೀರಿಕೊಂಡಿದ್ದರು. ಲಕೋಟೆ ಹಾಗೇ ಇತ್ತು. ಕಿಂಡಿಯ ಅಂಚಿನಲ್ಲಿ ಕರಾಚಿಯ ಮುದ್ರೆ ಬಿದಿಗೆ ಚಂದ್ರನಂತೆ ಉಳಿದಿತ್ತು. ಊರ ಹೆಸರಿನ ಅರ್ಧ ಇದೆ, ತಾರೀಖು ಇಲ್ಲ. ಹಿಂಬದಿಯಲ್ಲಿ ಬಳ್ಳಾರಿಯ ಮುದ್ರೆಯಾದರೂ ಇದ್ದೀತೆಂದು ತಿರುಗಿಸಿದೆ. ಅದೂ ಅದೇ ಮೂಲೆಯಲ್ಲಿದ್ದಿರಬೇಕು. ನನ್ನ ಕತ್ತರಿ ಎರಡೂ ಪದರಗಳನ್ನು ಒಟ್ಟಿಗೇ ನುಂಗಿತ್ತು. ಆ ಕಾಗದ ಮೊದಲ ವಿಮಾನದಲ್ಲೇ ಬಂತೇ, ಆಮೇಲೆ ಬಂತೇ ಎಂದು ಹೇಳಬಲ್ಲ ಸಾಕ್ಷಿಯನ್ನು ನಾನೇ ನೀರಲ್ಲಿ ನೆನೆಸಿ ಎಸೆದಿದ್ದೆ.

ಅದೇ ಬಗೆಯ ಚೀಟಿ ಆಮೇಲೆ ಸುಲಭವಾಗಿಯೇ ಕೊಳ್ಳಲು ಸಿಕ್ಕಿತು. ಕಿಂಡಿಯ ಮೇಲೆ ಇಟ್ಟು ನೋಡಿದೆ. ಅಳತೆ ಸರಿಹೋಯಿತು, ಮುದ್ರೆಯ ಗೆರೆ ಕೂಡಲಿಲ್ಲ.

ಮೊನ್ನೆ ಮೊಮ್ಮಗಳು ಆ ಲಕೋಟೆ ಹಿಡಿದು, "ತಾತ, ಇಲ್ಲಿ ಕಿಂಡಿ ಯಾಕಿದೆ?" ಎಂದಳು. ಎಲ್ಲ ಹೇಳಿದೆ. ಸ್ವಲ್ಪ ಯೋಚಿಸಿ, "ಹಾಗಾದ್ರೆ ಇದನ್ನೂ ಬರೆದಿಡೋಣ" ಎಂದಳು. ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ದುಂಡಗೆ ಬರೆದಳು: ಯಾರು ಯಾರಿಗೆ ಬರೆದದ್ದು, ಎಲ್ಲಿಂದ ಬಂದದ್ದು, ಮುತ್ತಾತ ಏನು ಹೇಳಿದ್ದರು, ಕಿಂಡಿ ಮಾಡಿದ್ದು ಯಾರು. ಕೊನೆಯ ಸಾಲು ಬರೆಯುವಾಗ ನನ್ನನ್ನು ನೋಡಿ ನಕ್ಕಳು.

ಮಕ್ಕಳೇ, ನಿಮ್ಮ ಮನೆಯ ಅಟ್ಟದಲ್ಲೂ ಹಳೇ ಲಕೋಟೆಗಳಿರಬಹುದು. ಕತ್ತರಿ ಹಾಕಬೇಡಿ, ಸೆಲ್ಲೋಟೇಪ್ ಅಂಟಿಸಬೇಡಿ. ಚೀಟಿಯ ಜೊತೆಗೆ ಮುದ್ರೆ, ವಿಳಾಸ, ಕಲೆ, ಮಡಿಕೆ ಎಲ್ಲವನ್ನೂ ಇದ್ದ ಹಾಗೇ ಉಳಿಸಿ. ಅದಕ್ಕೂ ಮೊದಲು ಮನೆಯ ಹಿರಿಯರ ಪಕ್ಕ ಕೂತು, "ಇದು ಹೇಗೆ ಬಂತು?" ಎಂದು ಕೇಳಿ. ನಾನು ತಾತನನ್ನು ಕೇಳಲಿಲ್ಲ.