ಹತ್ತಿರದ ನೋಟ

ನಲವತ್ತು ದಾಟಿದವರ ಕನ್ನಡಕಕ್ಕೆ ನಮ್ಮ ಹಿರಿಯರು ‘ಚಾಳೀಸು’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ನಮಗೆ ನಲವತ್ತಾರು ತುಂಬುವ ಹೊತ್ತಿಗೆ ಕಚೇರಿಯ ಕಡತಗಳಲ್ಲಿ ಅಕ್ಷರಗಳು ಇರುವೆ ಸಾಲಿನಂತೆ ಹರಿದಾಡತೊಡಗಿದವು. ನಾವು ಕಾಗದವನ್ನು ಮಾರುದ್ದ ಹಿಡಿದು ಓದುವುದನ್ನು ಕಂಡ ಪಕ್ಕದ ಮೇಜಿನವರು, “ಕೈ ಸಾಲದಿದ್ದರೆ ಹೇಳಿ ಸಾರ್, ನಾನು ಹಿಡಿದುಕೊಳ್ಳುತ್ತೇನೆ” ಎಂದು ನಕ್ಕರು. ಸ್ಪಷ್ಟ ದೃಷ್ಟಿಯ ಕನಿಷ್ಠ ದೂರ 25 ಸೆಂಟಿಮೀಟರು ಎಂದು ಬರೆದು ಬಿ.ಎಸ್ಸಿ.ಯಲ್ಲಿ ಅಂಕ ಗಿಟ್ಟಿಸಿದ್ದೆವು. ಆ ಅಂಕ ನಮ್ಮ ಕಣ್ಣಿನ ಲೆಕ್ಕಕ್ಕೆ ಬರಲಿಲ್ಲ.

ಈ ಪೀಠಿಕೆಗೆ ಕಾರಣವಿದೆ. ಕಳೆದ ವರ್ಷ ನಮ್ಮ ಮನೆಯಲ್ಲಿ ಒಂದು ಹಳೆಯ ಲೆನ್ಸು ನಮಗೆ ಕಲಿಸಿದ ಪಾಠವನ್ನು ಸಂಘದ ಬಾಂಧವರ ಮುಂದೆ ಇಡಬೇಕೆನಿಸಿದೆ.

ನಮ್ಮ ಅಪ್ಪಯ್ಯ ಸಾಗರದಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಒಂದು ಪುಟ್ಟ ಸ್ಟುಡಿಯೋ ನಡೆಸಿದವರು. ಅವರ ಕ್ಯಾಮೆರಾ ಪೆಂಟಾಕ್ಸ್ ಕೆ-1000. 1976ರಿಂದ 1997ರವರೆಗೆ ತಯಾರಾದ, ಎಲ್ಲವನ್ನೂ ಕೈಯಿಂದಲೇ ತಿರುಗಿಸಬೇಕಾದ ಗಟ್ಟಿ ಆಸಾಮಿ ಅದು. 1984ರಲ್ಲಿ ಅಪ್ಪಯ್ಯ ಬೆಂಗಳೂರಿನಿಂದ ಬೃಂದಾವನ ಎಕ್ಸ್‌ಪ್ರೆಸ್ ಹತ್ತಿ ಮದರಾಸಿಗೆ ಬಂದು, ಬೀಚ್ ಸ್ಟೇಷನ್ ಬಳಿಯ ಬರ್ಮಾ ಬಜಾರಿನಲ್ಲಿ ಅರ್ಧ ದಿನ ಚೌಕಾಸಿ ಮಾಡಿ ಒಂದು ಜಪಾನೀ ಜೂಮ್ ಲೆನ್ಸು ಕೊಂಡರಂತೆ. ಆಗ ವಿದೇಶಿ ಸರಕಿನ ಮೇಲೆ ಸುಂಕ ಭಾರಿ. ಬರ್ಮಾದಿಂದ ಮರಳಿ ಬಂದವರ ಆ ಬಜಾರೇ ಬಡ ಫೋಟೋಗ್ರಾಫರನಿಗೆ ಗತಿ. ಹೆಸರಾಂತ ಕಂಪನಿಯ ಲೆನ್ಸಲ್ಲ. 80ರಿಂದ 200 ಮಿಲಿಮೀಟರು, ಎಫ್ 4, ಮೇಲೆ ಕಿತ್ತಳೆ ಬಣ್ಣದ ಒಂದು ಗೆರೆ, ಗೆರೆಯ ಪಕ್ಕದಲ್ಲಿ ‘ಮ್ಯಾಕ್ರೊ 1:4’ ಎಂಬ ಬರಹ.

ಆ ಬರಹಕ್ಕಾಗಿಯೇ ಅಪ್ಪಯ್ಯ ಅದನ್ನು ಕೊಂಡದ್ದು. ಜೂಮಿನಿಂದ ಮದುವೆಯ ಧಾರೆಯನ್ನು ದೂರದಿಂದ ಹಿಡಿಯಬಹುದು. ಮ್ಯಾಕ್ರೊದಿಂದ ಹಳೆಯ ಫೋಟೋ ‘ಕಾಪಿ’ ಮಾಡಬಹುದು. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ಯಾವುದೋ ಗುಂಪುಚಿತ್ರವನ್ನೋ ಅಂಚು ಹರಿದ ಸಣ್ಣ ಪಟವನ್ನೋ ತಂದು, “ಇದರಿಂದ ಅಪ್ಪನ ಮುಖವೊಂದನ್ನು ದೊಡ್ಡದು ಮಾಡಿಕೊಡಿ, ವೈಕುಂಠ ಸಮಾರಾಧನೆಗೆ ಬೇಕು” ಎನ್ನುತ್ತಿದ್ದರು. ಸಾಗರದ ಸುತ್ತಿನ ಎಷ್ಟೋ ಮನೆಗಳ ಗೋಡೆಯ ಮೇಲಿನ ಹಿರಿಯರು ಈ ಲೆನ್ಸಿನ ಕಿತ್ತಳೆ ಗೆರೆ ದಾಟಿಯೇ ಅಲ್ಲಿ ಕುಳಿತವರು.

ಮೂರು ವರ್ಷದ ಹಿಂದೆ ನಮ್ಮ ತಾಯಿ ತೀರಿಕೊಂಡ ಮೇಲೆ ಅಪ್ಪಯ್ಯ ಚೆನ್ನೈಗೆ ಬಂದರು. ಲೆನ್ಸೂ ಬಂತು. ಅದಕ್ಕೆ ಇದು ತವರು; ಅಪ್ಪಯ್ಯನಿಗೆ ಇದು ಮಗನ ಬಾಡಿಗೆ ಮನೆ. ಜೊತೆಗೊಂದು ಬಿಸ್ಕತ್ತಿನ ಡಬ್ಬಿಯೂ ಬಂತು. ಅದರಲ್ಲಿ ಮೂವತ್ತನಾಲ್ಕು ಪೋಸ್ಟ್‌ಕಾರ್ಡು. 2003ರಲ್ಲಿ ನಾವು ನೌಕರಿಗೆಂದು ಇಲ್ಲಿಗೆ ಬಂದಾಗ ಅಮ್ಮ ಬರೆದವು. ರಜೆಗೆ ಹೋದಾಗ ನಾವು ಅಲ್ಲೇ ಬಿಟ್ಟುಬಂದಿದ್ದೆವು, ಅವರು ಜೋಡಿಸಿಟ್ಟಿದ್ದರು. ಒಂದು ಮಗ್ಗುಲಿಗೆ ಅಮ್ಮನ ಕನ್ನಡ. ಇನ್ನೊಂದು ಮಗ್ಗುಲಿಗೆ, ಮದರಾಸಿನ ಅಂಚೆಯವನಿಗೆ ತಿಳಿಯಲೆಂದು, ಅಪ್ಪಯ್ಯ ಬರೆದ ಇಂಗ್ಲಿಷ್ ವಿಳಾಸ. ಸಂಜೆಯ ಹೊತ್ತು ಅವರು ಒಂದೊಂದೇ ಕಾರ್ಡು ತೆಗೆದು ಮೊಮ್ಮಗಳಿಗೆ ಓದಿ ಹೇಳುವುದು ರೂಢಿಯಾಯಿತು.

ಒಂದು ದಿನ ಅಪ್ಪಯ್ಯ, “ಶಾಯಿ ಮಾಸ್ತಾ ಇದೆ ತಮ್ಮಾ, ಎಲ್ಲಾ ಕಾಪಿ ಮಾಡಿಡೋಣ” ಎಂದರು. ಮಗಳು ಮೊಬೈಲು ತೋರಿಸಿದಳು. “ಇದು ಸ್ಟುಡಿಯೋ ಕೆಲಸ” ಎಂದು ಅವರು ಕೈಯಾಡಿಸಿಬಿಟ್ಟರು. ಸರಿ, ಹುಡುಕಿ ಹುಡುಕಿ ಒಂದು ಕಪ್ಪು-ಬಿಳುಪು ರೋಲು ತಂದೆವು.

ಮ್ಯಾಕ್ರೊ ಹೇಗೆ ಕೆಲಸ ಮಾಡುತ್ತದೆಂಬುದನ್ನು ಆ ಭಾನುವಾರ ನಾವು ಕಣ್ಣಾರೆ ಕಂಡೆವು. ಸಾಮಾನ್ಯ ಸ್ಥಿತಿಯಲ್ಲಿ ಈ ಲೆನ್ಸು ಐದಾರು ಅಡಿಗಿಂತ ಹತ್ತಿರದ್ದನ್ನು ನೋಡಲಾರದು. ಜೂಮನ್ನು 80ರ ತುದಿಗೆ ತಂದು, ಗುಂಡಿ ಒತ್ತಿ, ಉಂಗುರವನ್ನು ಕಿತ್ತಳೆ ಗೆರೆಯ ಆಚೆಗೆ ತಿರುಗಿಸಿದರೆ ಒಳಗಿನ ಗಾಜುಗಳು ಸ್ಥಾನ ಬದಲಿಸುತ್ತವೆ. ಆಗ ಮೊಳದೂರದ ವಸ್ತು ನಿಚ್ಚಳ. ಆದರೆ ದೂರದ ಬೆಟ್ಟ, ಚಂದ್ರ ಯಾವುದೂ ಕಾಣದು. ಹತ್ತಿರದ ನೋಟಕ್ಕೆ ದೂರದ ನೋಟವೇ ಬೆಲೆ. ಫೋಕಸ್ಸಿಗೂ ಉಂಗುರ ತಿರುಗಿಸುತ್ತ ಕೂರಬಾರದು. ಕ್ಯಾಮೆರಾವನ್ನೇ ಸ್ಟ್ಯಾಂಡಿನ ಸಮೇತ ಕೂದಲೆಳೆಯಷ್ಟು ಮುಂದೆ ಹಿಂದೆ ಸರಿಸಬೇಕು. ಎಫ್ 4ರಲ್ಲಿ ಸ್ಪಷ್ಟತೆಯ ಆಳ ಸುಮಾರು ಅರ್ಧ ಸೆಂಟಿಮೀಟರು ಅಷ್ಟೆ. ಎಫ್ 11ಕ್ಕೆ ಇಳಿಸಿದರೆ ಅದು ಒಂದೂಕಾಲು ಸೆಂಟಿಮೀಟರು ದಾಟುತ್ತದೆ; ಹಳೆಯ ಜೂಮುಗಳಲ್ಲಿ ಮಸುಕಾಗುವ ಮೂಲೆಗಳೂ ತಕ್ಕಮಟ್ಟಿಗೆ ಸುಧಾರಿಸುತ್ತವೆ.

ಶಾಸ್ತ್ರ ಬಲ್ಲವರು, ವಸ್ತುವಿನಷ್ಟೇ ದೊಡ್ಡ ಬಿಂಬ ಫಿಲ್ಮಿನ ಮೇಲೆ ಬಿದ್ದರೆ ಮಾತ್ರ ನಿಜವಾದ ಮ್ಯಾಕ್ರೊ ಎನ್ನುತ್ತಾರೆ. 1970ರ ದಶಕದಲ್ಲಿ ಹೆಸರು ಮಾಡಿದ ವಿವಿಟಾರ್ ಸೀರೀಸ್-1ರ 70-210 ಜೂಮು ಅರ್ಧದ ಸಮೀಪಕ್ಕೆ ಹೋಗುತ್ತಿತ್ತು. ಅಪ್ಪಯ್ಯನದು ಕಾಲು ಭಾಗ. ನಮ್ಮ ಬಿ.ಎಸ್ಸಿ. ಬುದ್ಧಿ ಕೂಡಲೇ ಲೆಕ್ಕ ಹಾಕಿತು: ಫಿಲ್ಮಿನ ಚೌಕ 36ಕ್ಕೆ 24 ಮಿಲಿಮೀಟರು, ನಾಲ್ಕರಿಂದ ಗುಣಿಸಿದರೆ 144ಕ್ಕೆ 96. ನಮ್ಮ ಅಂಚೆ ಇಲಾಖೆಯ ಪೋಸ್ಟ್‌ಕಾರ್ಡು 140ಕ್ಕೆ 90! ಯಾರೋ ಜಪಾನೀಯ ನಮ್ಮಮ್ಮನ ಕಾರ್ಡಿನ ಅಳತೆ ತೆಗೆದುಕೊಂಡೇ ಲೆನ್ಸು ಮಾಡಿದಂತಿತ್ತು.

ಕಿಟಕಿಯ ಬೆಳಕಿಗೆ ಹಲಗೆ ನಿಲ್ಲಿಸಿ ಕಾರ್ಡು ಸಿಕ್ಕಿಸಿದೆವು. ಅಪ್ಪಯ್ಯ ಕಣ್ಣಿಟ್ಟು ಸ್ಟ್ಯಾಂಡು ಸರಿಸುವುದು, “ಹ್ಞೂಂ, ಒತ್ತು” ಎನ್ನುವುದು. ನಾವು ಕೇಬಲ್ ಒತ್ತುವುದು. ಬೆಳಕು ಕಡಿಮೆಯೆಂದು ಎಫ್ 4ರಲ್ಲೇ ಇಟ್ಟಿದ್ದರು. ನಡುವೆ ಒಮ್ಮೆ ನಾವೂ ಇಣುಕಿದೆವು. ಅಕ್ಷರ ಮಸುಕಾಗಿ ಕಂಡಿತು. ಚಾಳೀಸಿನ ಕಣ್ಣು, ಹೊಸ ಕನ್ನಡಕ. ತಪ್ಪು ನಮ್ಮದೇ ಎಂದು ಸುಮ್ಮನಾದೆವು. ಮೂವತ್ತು ವರ್ಷ ಫೋಕಸ್ ತಪ್ಪದ ಮನುಷ್ಯನನ್ನು ಪ್ರಶ್ನಿಸಲು ನಾವು ಯಾರು?

ರೋಲು ತೊಳೆದು ಬಂತು. ಮೂವತ್ತನಾಲ್ಕೂ ಮಸುಕು. ಅಪ್ಪಯ್ಯ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಫಂಗಸ್ಸು” ಎಂದರು. “ಮಲೆನಾಡಿನ ಮಳೆ ತಿಂದ ಲೆನ್ಸು. ಗಾಜಿಗೆ ಬೂಷ್ಟು ಹಿಡಿದಿದೆ.”

ಮೌಂಟ್ ರೋಡಿನ ಒಂದು ಗಲ್ಲಿಯಲ್ಲಿ ಕ್ಯಾಮೆರಾ ರಿಪೇರಿಯ ಮುದುಕರೊಬ್ಬರಿದ್ದಾರೆ. ಅವರಲ್ಲಿಗೆ ಲೆನ್ಸು, ಫಿಲ್ಮು ಎರಡನ್ನೂ ಒಯ್ದೆವು. ಟಾರ್ಚು ಹಾಕಿ ಲೆನ್ಸಿನೊಳಗೆ ನೋಡಿದರು. ಫಿಲ್ಮನ್ನು ಭೂತಗನ್ನಡಿಯ ಕೆಳಗೆ ಎಳೆದರು. ಬೂಷ್ಟಿದ್ದರೆ ಎಲ್ಲವೂ ಒಂದೇ ಸಮನೆ ಮಂಜು ಕವಿದಂತಿರಬೇಕು. ಇಲ್ಲಿ ಒಂದು ಹೆಚ್ಚು ಮಸುಕು, ಒಂದು ಕಡಿಮೆ. “ಲೆನ್ಸ್ ನಲ್ಲಾ ಇರುಕ್ಕು ಸಾರ್,” ಎಂದರು. “ಫೋಕಸ್ ಪಣ್ಣವರ್ ಕಣ್ಣೈ ಕಾಟ್ಟುಂಗ.” ಫೋಕಸ್ ಮಾಡಿದವರ ಕಣ್ಣು ತೋರಿಸಿ!

ಮನೆಗೆ ಬಂದು ಹೆಂಡತಿಯೊಡನೆ ಮೆಲ್ಲನೆ ಹೇಳಿದೆವು. ಮಗಳು ಕೇಳಿಸಿಕೊಂಡಳು. “ಅಪ್ಪಾ, ಅಜ್ಜ ಕಾರ್ಡು ಓದುವಾಗ ಹಿಂದಿನ ಅಡ್ರೆಸ್ಸು ನನಗೆ ಎಷ್ಟೋ ಸಲ ತಲೆಕೆಳಗಾಗಿ ಕಾಣ್ತಿತ್ತು. ಕನ್ನಡ ಕಾರ್ಡು ಹಾಗೇ ಬರೀತಾರೆ ಅಂದ್ಕೊಂಡೆ.”

ಒಂದು ಗಳಿಗೆ ಮನೆಯಲ್ಲಿ ಫ್ಯಾನಿನ ಸದ್ದು ಮಾತ್ರ. ಅಪ್ಪಯ್ಯ ಓದುತ್ತಿರಲಿಲ್ಲ. ಮೂವತ್ತನಾಲ್ಕು ಕಾರ್ಡೂ ಅವರಿಗೆ ಬಾಯಿಪಾಠ. ಎದುರಿಗೆ ಕೂತ ಮೊಮ್ಮಗಳಿಗೆ ಕನ್ನಡ ಓದಲು ಬಾರದು, ಆದ್ದರಿಂದ ಗುಟ್ಟು ಉಳಿಯಿತು. ಅವಳಿಗೆ ಅಕ್ಷರ ಕಲಿಸದವರು ಯಾರು? ನಾವೇ. ನಾಳೆ, ಮುಂದಿನ ರಜೆ, ಪರೀಕ್ಷೆ ಮುಗಿಯಲಿ ಎಂದು ಹತ್ತು ವರ್ಷ ದೂಡಿದ್ದೆವು.

ಆಮೇಲೆ ಒಂದೊಂದೇ ನೆನಪಿಗೆ ಬಂತು. ಪೇಪರು ಓದುವುದನ್ನು ಬಿಟ್ಟು “ಊರಿನ ಸುದ್ದಿ ಇಲ್ಲದ ಪೇಪರು ಏಕೆ?” ಎಂದದ್ದು. ನೋಟನ್ನು ಬೆರಳಿನಿಂದ ಸವರಿ ಎಣಿಸುತ್ತಿದ್ದದ್ದು. ಲೋಟದ ಅಂಚಿನಿಂದ ಕಾಫಿ ಚೆಲ್ಲಿದ್ದು. ಎಲ್ಲವೂ ನಮ್ಮ ಕಣ್ಣ ಮುಂದೆಯೇ ನಡೆದಿತ್ತು. ನಮ್ಮ ಜೂಮು ಮಾತ್ರ ಸದಾ 200ರಲ್ಲಿ: ಸಾಗರದಲ್ಲಿ ಮಳೆ ಹೇಗೆ, ತೋಟಕ್ಕೆ ಕೊಳೆರೋಗ ಬಂತೇ, ಅಡಿಕೆ ಧಾರಣೆ ಏನು ಎಂದು ದಿನವೂ ಫೋನಿನಲ್ಲಿ ವಿಚಾರಿಸುತ್ತಿದ್ದ ನಾವು, ಒಂದು ಮೊಳ ದೂರದಲ್ಲಿ ಊಟಕ್ಕೆ ಕೂತವರ ಕಣ್ಣು ನೋಡಿರಲಿಲ್ಲ.

“ಏಕೆ ಹೇಳಲಿಲ್ಲ ಅಪ್ಪಯ್ಯ?” ಎಂದದ್ದಕ್ಕೆ, “ನಿನ್ನಮ್ಮ ಹೋದ ಮೇಲೆ ನೋಡುವಂಥದ್ದು ಏನಿತ್ತು? ಆಪರೇಷನ್ನು ಅಂದರೆ ನಿನಗೆ ರಜೆ, ಖರ್ಚು” ಎಂದು ಮುಖ ತಿರುಗಿಸಿದರು.

ಕಣ್ಣಿನ ವಿಷಯದಲ್ಲಿ ಚೆನ್ನೈ ಪುಣ್ಯದ ಊರು. ಎಗ್ಮೋರಿನ ಸರ್ಕಾರಿ ಕಣ್ಣಾಸ್ಪತ್ರೆ 1819ರಲ್ಲೇ ಆರಂಭವಾದದ್ದು, ಡಾ. ಎಸ್.ಎಸ್. ಬದರೀನಾಥರು 1978ರಲ್ಲಿ ಸ್ಥಾಪಿಸಿದ ಶಂಕರ ನೇತ್ರಾಲಯಕ್ಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಪರೀಕ್ಷೆ ಮಾಡಿದ ವೈದ್ಯರು ಎರಡೂ ಕಣ್ಣಿನಲ್ಲಿ ಪೊರೆ ಬಲಿತಿದೆ ಎಂದರು. ಮಸುಕಾದ ಸ್ವಂತ ಮಸೂರವನ್ನು ತೆಗೆದು ಒಂದು ಪುಟ್ಟ ಕೃತಕ ಮಸೂರ ಕೂರಿಸುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಪ್ಲಾಸ್ಟಿಕ್ ಚಾವಣಿಯ ಚೂರು ಚಾಲಕರ ಕಣ್ಣಿಗೆ ಹೊಕ್ಕರೂ ಕಣ್ಣು ಅದನ್ನು ಸಹಿಸಿಕೊಂಡದ್ದನ್ನು ಗಮನಿಸಿ, ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು 1949ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ಇಂಥ ಮಸೂರ ಇಟ್ಟರು. ಈಗ ಅರ್ಧ ತಾಸೂ ಹಿಡಿಯದ ಕೆಲಸ.

“ದೂರದ್ದು ಚೆನ್ನಾಗಿ ಕಾಣುತ್ತದೆ, ಓದಲು ಮಾತ್ರ ಕನ್ನಡಕ ಬೇಕು” ಎಂದರು ವೈದ್ಯರು. ಮಾಮೂಲಿ ಕೃತಕ ಮಸೂರ ಒಂದೇ ದೂರಕ್ಕೆ ಹೊಂದುವಂಥದ್ದು. ಅಪ್ಪಯ್ಯ ಕೂಡಲೇ, “ಗೊತ್ತಾಯಿತು ಬಿಡಿ, ಮ್ಯಾಕ್ರೊ ಇಲ್ಲದ ಲೆನ್ಸು” ಎಂದರು. ಎಷ್ಟೋ ತಿಂಗಳ ಮೇಲೆ ಅವರ ಮುಖದಲ್ಲಿ ನಗು ಕಂಡದ್ದು ಅಂದೇ.

ಎರಡೂ ಕಣ್ಣು ಮುಗಿದು, ಕನ್ನಡಕ ಬಂದ ಮೇಲೆ ಇನ್ನೊಂದು ರೋಲು ತಂದೆವು. ಅದೇ ಕಿಟಕಿ, ಅದೇ ಹಲಗೆ. ಈ ಸಲ ಎಫ್ 11. ಅಪ್ಪಯ್ಯ ಮೊದಲ ಕಾರ್ಡಿಗೆ ಕಣ್ಣಿಟ್ಟವರು “ಒತ್ತು” ಎನ್ನಲೇ ಇಲ್ಲ. ಕಾದೆವು. “ನಿನ್ನಮ್ಮ ‘ಕ್ಷೇಮ’ದ ಒತ್ತು ಯಾವಾಗಲೂ ಬಿಡುತ್ತಿದ್ದಳು. ಇಲ್ಲೂ ಬಿಟ್ಟಿದ್ದಾಳೆ ನೋಡು” ಎಂದರು. ಬಾಯಿಪಾಠದಲ್ಲಿ ಆ ತಪ್ಪು ಇರಲಿಲ್ಲ.

ಚಿತ್ರಗಳು ಚೆನ್ನಾಗಿ ಬಂದವು. ಮೂಲೆಗಳು ಮಾತ್ರ ಸ್ವಲ್ಪ ಮಸುಕು. ಅದು ಲೆನ್ಸಿನ ಪಾಲಿನದು. ಮಗಳು ಈಗ ಅವನ್ನಿಟ್ಟುಕೊಂಡು ಅಜ್ಜನಿಂದ ಅಕ್ಷರ ಕಲಿಯುತ್ತಿದ್ದಾಳೆ. ‘ಕ್ಷ’ ಇನ್ನೂ ಕೈಗೆ ಕೂತಿಲ್ಲ.

ನಮ್ಮ ಸಂಘದ ಎಷ್ಟೋ ಮನೆಗಳಲ್ಲಿ ಊರಿನಿಂದ ಬಂದ ಹಿರಿಯರಿದ್ದಾರೆ. ಕೇಳಿದರೆ “ನನಗೇನು, ಚೆನ್ನಾಗಿದ್ದೇನೆ” ಎನ್ನುತ್ತಾರೆ. ಆ ಮಾತನ್ನು ನಂಬಿ ಸುಮ್ಮನಾಗಬೇಡಿ. ಇಂದು ಸಂಜೆ ಒಂದು ಕಾರ್ಡನ್ನೋ ಈ ಪತ್ರಿಕೆಯನ್ನೋ ಅವರ ಕೈಗಿತ್ತು, ಮೊಳದೂರದಲ್ಲಿ ಕುಳಿತು, ಓದಿಸಿ ನೋಡಿ.