ನೇತ್ರಾವತಿ ತೀರದ ಆಯ್ಕೆ ಸಮಿತಿ

ಮಂಗಳೂರಿನಿಂದ ಪೂರ್ವಾಭಿಮುಖವಾಗಿ ಹೊರಟ ಪ್ರವಾಸಿಗನಿಗೆ ನೇತ್ರಾವತಿಯ ದಡದಲ್ಲಿ ಎದುರಾಗುವ ದೊಡ್ಡ ಪೇಟೆ ಬಂಟ್ವಾಳ. ಹಳೆಯ ಪೇಟೆ ಹೊಳೆಯ ಮಗ್ಗುಲಲ್ಲೇ ಉಳಿದುಕೊಂಡಿದೆ. ಬಸ್ಸು, ಜನ, ಗದ್ದಲಗಳೆಲ್ಲ ಬಿ.ಸಿ. ರೋಡಿಗೆ ಸರಿದಿವೆ. ‘ಬಂಟ್ವಾಳ ಕ್ರಾಸ್ ರೋಡ್’ ಎಂಬ ಹೆಸರು ಬಾಯಿಂದ ಬಾಯಿಗೆ ಸವೆದು ಸವೆದು ಕೊನೆಗೆ ಒಂದು ಊರೇ ಆಗಿಬಿಟ್ಟಿತು! ಇಲ್ಲಿಂದ ಒಂದು ಹಾದಿ ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆಗಳನ್ನು ಹಾದು ಬೆಳ್ತಂಗಡಿಗೆ. ಇನ್ನೊಂದು ಸಿದ್ಧಕಟ್ಟೆಯ ಮೇಲಿನಿಂದ ಮೂಡಬಿದಿರೆಗೆ. ಬೆಳ್ತಂಗಡಿಯಿಂದ ಹೊರಟು, 1604ರಲ್ಲಿ ನಿಂತ ವೇಣೂರಿನ ಗೊಮ್ಮಟನಿಗೆ ಕೈಮುಗಿದು, ಮೂಡಬಿದಿರೆಯನ್ನು ಸೇರಿದರೆ ತ್ರಿಕೋನವೊಂದು ಪೂರ್ತಿಯಾಗುತ್ತದೆ.

ಈ ತ್ರಿಕೋನದ ಬಸದಿಗಳೂ ಕೋಟೆಯೂ ಪ್ರವಾಸಿ ಕೈಪಿಡಿಗಳಲ್ಲಿ ಸಿಗುತ್ತವೆ. ಸಿಗದ ಸಂಗತಿಯೊಂದಿದೆ. ಅದು ಇಲ್ಲಿಯ ಹೋಟೆಲುಗಳ ಬೆಂಚುಗಳ ಮೇಲೆ ಸಂಬಳವಿಲ್ಲದೆ, ರಜೆಯಿಲ್ಲದೆ ಕೂಡುವ ಕ್ರಿಕೆಟ್ ಆಯ್ಕೆ ಸಮಿತಿ.

ಬಂಟ್ವಾಳ ತಾಲ್ಲೂಕಿನ ಕಲ್ಲಡ್ಕದಲ್ಲಿ ಆ ಸಮಿತಿಯನ್ನು ಕಾಣುವುದು ಸುಖಕರ. ಅಲ್ಲಿಯ ‘ಕೆ.ಟಿ.’ ನಾಡಿಗೇ ಹೆಸರಾದದ್ದು. ಗಾಜಿನ ಲೋಟದ ತಳದಲ್ಲಿ ಸಿಹಿ ಹಾಲು, ಮೇಲೆ ಕಡುಗೆಂಪು ಚಹಾ. ಒಂದರೊಳಗೊಂದು ಬೆರೆಯದೆ ನಿಲ್ಲುತ್ತವೆ. ಎದುರುಬದುರು ಕುಳಿತವರ ಅಭಿಪ್ರಾಯಗಳೂ ಹಾಗೆಯೇ ನಿಲ್ಲುವುದುಂಟು. 2025ರ ನವೆಂಬರ್ ತಿಂಗಳ ಸೋಲುಗಳ ಬಳಿಕವಂತೂ ಇಲ್ಲಿ ಮಾತಿಗೆ ಬರವಿಲ್ಲ. ಕೋಲ್ಕತ್ತದಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಗೆಲ್ಲಲು ಬೇಕಾಗಿದ್ದುದು ಕೇವಲ 124. ನಾಯಕ ಶುಭಮನ್ ಗಿಲ್ ಕುತ್ತಿಗೆ ನೋವಿನಿಂದ ಆಡಲಾಗದೆ ಹೋದರು. ಉಳಿದವರು ಕೂಡಿಸಿದ್ದು 93. ಮುಂದೆ ಗುವಾಹಟಿಯಲ್ಲಿ 408 ರನ್ನುಗಳ ಸೋಲು; ರನ್ನುಗಳ ಲೆಕ್ಕದಲ್ಲಿ ಭಾರತಕ್ಕೆ ಅಷ್ಟು ದೊಡ್ಡ ಸೋಲು ಹಿಂದೆಂದೂ ಆಗಿರಲಿಲ್ಲ.

“ನೂರಿಪ್ಪತ್ತನಾಲ್ಕು ಎಂತ ಮಹಾ ಮಾರಾಯ್ರೆ? ನಮ್ಮ ಗದ್ದೆಯ ಹುಡುಗರೂ ಹೊಡೆಯುತ್ತಾರೆ” ಎಂದು ಅಡಿಕೆ ವ್ಯಾಪಾರಿಯೊಬ್ಬರು ಗುಡುಗುತ್ತಾರೆ.

“ನಿಮ್ಮ ಗದ್ದೆಯಲ್ಲಿ ಹಾರ್ಮರ್ ಚೆಂಡು ತಿರುಗಿಸುವುದಿಲ್ಲವಲ್ಲ” ಎಂದು ನಿವೃತ್ತ ಮಾಸ್ತರರ ಉತ್ತರ. ಹಾರ್ಮರ್ ಆ ಪಂದ್ಯದಲ್ಲಿ ಎಂಟು ವಿಕೆಟ್ ಕಿತ್ತಿದ್ದ.

ವಾದ ಎಲ್ಲಿಂದ ಹೊರಟರೂ ಕೆ.ಎಲ್. ರಾಹುಲನ ಬಳಿಗೆ ಬಂದು ತಂಗುತ್ತದೆ. ಸುರತ್ಕಲ್ಲಿನಲ್ಲಿ ಬೆಳೆದು ಮಂಗಳೂರಿನಲ್ಲಿ ಆಟ ಕಲಿತವನನ್ನು ಈ ಸೀಮೆಯವರು ಮನೆಯ ಮಗನೆಂದೇ ತಿಳಿಯುತ್ತಾರೆ. ಮನೆಯ ಮಗನನ್ನು ಗದರುವ ಹಕ್ಕನ್ನೂ ತಾವೇ ಇಟ್ಟುಕೊಂಡಿದ್ದಾರೆ. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ನ್ಯೂಜಿಲೆಂಡಿನೆದುರು ಭಾರತ 46ಕ್ಕೆ ಕುಸಿದಾಗ ಅವನದು ಸೊನ್ನೆ. ಮುಂದಿನ ಟೆಸ್ಟಿನಲ್ಲಿ ಅವನಿಗೆ ಸ್ಥಾನವಿರಲಿಲ್ಲ. “ಮುಗಿಯಿತು” ಎಂದವರು ಆಗ ಹಲವರು. 2025ರ ಬೇಸಿಗೆಯಲ್ಲಿ ಅವನೇ ಇಂಗ್ಲೆಂಡಿನಲ್ಲಿ ಇನ್ನಿಂಗ್ಸ್ ಆರಂಭಿಸಿ, ಲೀಡ್ಸ್, ಲಾರ್ಡ್ಸ್‌ಗಳ ಎರಡು ಶತಕಗಳೊಡನೆ 532 ರನ್ನು ಗಳಿಸಿದ. “ಮುಗಿಯಿತು” ಎಂದವರನ್ನು ಹುಡುಕಿದರೆ ಈಗ ಒಬ್ಬರೂ ಸಿಗರು.

ಕರುಣ್ ನಾಯರನ ವಿಷಯ ಬಂದಾಗ ಮಾತ್ರ ದನಿಗಳು ತಗ್ಗುತ್ತವೆ. 2016ರ ಡಿಸೆಂಬರಿನ ಚೆನ್ನೈ ಟೆಸ್ಟಿನಲ್ಲಿ ರಾಹುಲ 199ಕ್ಕೆ ಔಟಾದ ಅದೇ ಇನ್ನಿಂಗ್ಸಿನಲ್ಲಿ ಕರುಣ್ ಔಟಾಗದೆ 303 ಹೊಡೆದ. ಸೆಹ್ವಾಗ್ ಬಿಟ್ಟರೆ ಭಾರತಕ್ಕೆ ತ್ರಿಶತಕ ತಂದವನು ಇವನೊಬ್ಬನೇ. ಆದರೂ ಮುಂದಿನ ಟೆಸ್ಟಿನಲ್ಲಿ ಅವನನ್ನು ಆಡಿಸಲಿಲ್ಲ. 2017ರ ಮಾರ್ಚಿನ ಬಳಿಕ ಆಡುವ ಅವಕಾಶವೇ ಇಲ್ಲ. ವಿದರ್ಭದ ಪರವಾಗಿ ರನ್ನುಗಳ ರಾಶಿ ಹಾಕಿ ಎಂಟು ವರ್ಷಗಳಾದ ಮೇಲೆ ಇಂಗ್ಲೆಂಡಿಗೆ ಹೋದವನಿಗೆ ಎಂಟು ಇನ್ನಿಂಗ್ಸುಗಳಲ್ಲಿ ದಕ್ಕಿದ್ದು 205. ಮತ್ತೆ ಬಾಗಿಲು ಮುಚ್ಚಿತು. ಕರ್ನಾಟಕಕ್ಕೆ ಮರಳಿ ಅದೇ ವರ್ಷ ಕೇರಳದ ವಿರುದ್ಧ 233 ಹೊಡೆದ. ತ್ರಿಶತಕದ ಮರುಪಂದ್ಯದಲ್ಲಿ ಬಿಟ್ಟದ್ದು ಅನ್ಯಾಯವೆಂಬುದರಲ್ಲಿ ಈ ಬೆಂಚಿನವರ ನಡುವೆ ಭೇದವಿಲ್ಲ. 2025ರದು ಅನ್ಯಾಯವೇ? ಅಲ್ಲಿ ಮಾಸ್ತರರೂ ಸುಮ್ಮನಾಗುತ್ತಾರೆ. 205 ಎಂಬ ಅಂಕಿಯನ್ನು ಪ್ರೀತಿಯಿಂದ ಹಿಗ್ಗಿಸಲು ಬರುವುದಿಲ್ಲವಷ್ಟೆ.

ಬೆಳ್ತಂಗಡಿಯ ಕಡೆಗೆ ಸಾಗಿದಂತೆ ಘಟ್ಟಗಳು ಹತ್ತಿರವಾಗಿ, ಟಿಪ್ಪುವಿನ ಜಮಾಲಾಬಾದ್ ಕೋಟೆಯನ್ನು ಹೊತ್ತ ಗಡಾಯಿಕಲ್ಲು ಕಣ್ಣಿಗೆ ಬೀಳುತ್ತದೆ. ಇಲ್ಲಿ ಮಾತು ಆಟಗಾರರಿಂದ ಆಟದ ಬಯಲಿಗೆ ಇಳಿಯುತ್ತದೆ. ಮಕ್ಕಳ ಮೊದಲ ಬ್ಯಾಟು ತೆಂಗಿನ ಕೊತ್ತಳಿಗೆಯದು. ಮೊದಲ ಪಿಚ್ಚು ಕೊಯ್ಲಾದ ಗದ್ದೆ. ದೊಡ್ಡವರಾದ ಮೇಲೆ ದೀಪದ ಬೆಳಕಿನಲ್ಲಿ ಇರುಳಿಡೀ ನಡೆಯುವ ಅಂಡರ್‌ಆರ್ಮ್ ಪಂದ್ಯಾವಳಿಗಳು. ಕೈಯನ್ನು ಭುಜದ ಕೆಳಗಿನಿಂದಲೇ ಬೀಸಿ ಎಸೆದ ಚೆಂಡನ್ನು ಸಣ್ಣ ಅಂಗಳದಲ್ಲಿ ಹೊಡೆಯುವುದಕ್ಕೆ ತೀಕ್ಷ್ಣವಾದ ಕಣ್ಣು ಬೇಕು, ನಿಜ. ಆದರೆ ಎದೆಮಟ್ಟಕ್ಕೆ ಪುಟಿದು ಬರುವ ಚರ್ಮದ ಚೆಂಡಿನ ವಿದ್ಯೆ ಅದರಿಂದ ಬಾರದು. ಅದಕ್ಕೆ ಮಂಗಳೂರಿಗೇ ಹೋಗಬೇಕು. ಬೆಳ್ತಂಗಡಿಯಿಂದ ಅಲ್ಲಿಗೆ ಸುಮಾರು 60 ಕಿಲೋಮೀಟರು. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ. ಹತ್ತನೆಯ ತರಗತಿಯ ಹುಡುಗನನ್ನು ನಸುಕಿನ ಬಸ್ಸಿಗೆ ಹತ್ತಿಸುವುದೋ, ಗಣಿತದ ಟ್ಯೂಷನ್ನಿಗೆ ಕಳುಹಿಸುವುದೋ ಎಂದು ತಾಯಿತಂದೆ ಇರುಳೂಟದ ಹೊತ್ತಿನಲ್ಲಿ ಚರ್ಚಿಸುವ ಮನೆಗಳು ಇಲ್ಲಿವೆ. ಆ ಆಯ್ಕೆಯ ಮುಂದೆ ಮುಂಬಯಿಯ ಆಯ್ಕೆ ಎಷ್ಟು ಸುಲಭ! ಹೆಚ್ಚಿನ ಮನೆಗಳಲ್ಲಿ ಗಣಿತವೇ ಗೆಲ್ಲುತ್ತದೆ.

ಮೂಡಬಿದಿರೆಗೆ ಬಂದವರು 1430ರ ಸಾವಿರ ಕಂಬದ ಬಸದಿಯನ್ನು ನೋಡದೆ ಮರಳಬಾರದು. ನೋಡಿ ಮುಗಿಸಿ ಸ್ವರಾಜ್ಯ ಮೈದಾನದ ಕಡೆ ನಡೆದರೆ ತುಳು, ಕೊಂಕಣಿ, ಬ್ಯಾರಿ, ಕನ್ನಡಗಳು ಬೆರೆತ ಅದೇ ಚರ್ಚೆ ಕಿವಿಗೆ ಬಿದ್ದೀತು. ಇಲ್ಲಿಯ ಹಿರಿಯರಿಗೆ ರಾಹುಲನಿಗಿಂತ ಹಳೆಯ ದೂರೊಂದಿದೆ. ಕಿನ್ನಿಗೋಳಿಯ ದಾರಿಯಾಗಿ ಇಳಿದರೆ ಸಿಗುವ ಮೂಲ್ಕಿಯಲ್ಲಿ 1939ರಲ್ಲಿ ಹುಟ್ಟಿದವರು ಬುಧಿ ಕುಂದರನ್. ರಣಜಿ ಪಂದ್ಯವನ್ನೇ ಆಡುವ ಮೊದಲು, 1960ರಲ್ಲಿ, ಟೆಸ್ಟ್ ಆಡಿದವರು. 1964ರಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನೆದುರು ಅವರು ಹೊಡೆದ 192, ಭಾರತದ ವಿಕೆಟ್ ಕೀಪರನೊಬ್ಬನ ಅತಿ ಹೆಚ್ಚಿನ ಗಳಿಕೆಯಾಗಿ 2013ರವರೆಗೆ ಉಳಿಯಿತು. ಅದನ್ನು ಅದೇ ಊರಿನಲ್ಲಿ ಧೋನಿ ದಾಟಿದರು. ಆ ಸರಣಿಯಲ್ಲಿ ಕುಂದರನ್ ಗಳಿಸಿದ್ದು 525. ಅಷ್ಟಾದರೂ ಫರೂಕ್ ಇಂಜಿನಿಯರರೊಡನೆ ಸ್ಥಾನಕ್ಕಾಗಿ ಹಗ್ಗಜಗ್ಗಾಟ ತಪ್ಪಲಿಲ್ಲ. ಒಟ್ಟು 18 ಟೆಸ್ಟುಗಳಿಗೆ ಆಟ ಮುಗಿಯಿತು. ಮುಂದೆ ಸ್ಕಾಟ್ಲೆಂಡಿನಲ್ಲಿ ನೆಲೆಸಿ 2006ರಲ್ಲಿ ಅಲ್ಲಿಯೇ ತೀರಿಕೊಂಡರು.

1967ರಲ್ಲಿ ಎಜ್‌ಬಾಸ್ಟನ್ನಿನಲ್ಲಿ ಆಡಿದ ಕೊನೆಯ ಟೆಸ್ಟಿನಲ್ಲಿ ಈ ಕೀಪರನಿಗೆ ಹೊಸ ಚೆಂಡನ್ನು ಕೊಟ್ಟು ಬೌಲಿಂಗ್ ಆರಂಭಿಸಲು ಹೇಳಿದರೆಂಬ ಸಂಗತಿಯನ್ನು ಹಿರಿಯರು ಹೇಳಿದಾಗ ಕೇಳುವ ಹುಡುಗರು ನಂಬುವುದಿಲ್ಲ.

“ಅಜ್ಜ, ಕೀಪರಿನ ಕೈಗೆ ಹೊಸ ಚೆಂಡು ಯಾಕೆ ಕೊಟ್ಟರು?”

“ವೇಗದವರು ಯಾರಿದ್ದರು ಮಗಾ? ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್. ನಾಲ್ವರು ಸ್ಪಿನ್ನರುಗಳನ್ನು ಒಟ್ಟಿಗೆ ಆಡಿಸಿದ್ದರು.”

“ಕೋಲ್ಕತ್ತದಲ್ಲಿಯೂ ನಾಲ್ವರೇ ಅಲ್ಲವಾ?” ಎಂದು ಪಕ್ಕದಿಂದ ಇನ್ನೊಂದು ದನಿ. ಅಲ್ಲಿಗೆ ಸಮಿತಿಯ ಕಾರ್ಯಕಲಾಪ ಮೊದಲಿನಿಂದ ಆರಂಭವಾಗುತ್ತದೆ; ಬಂಟ್ವಾಳದ ಬಸ್ಸು ಬಂದು ನಿಂತರೂ ಯಾರೂ ಏಳುವುದಿಲ್ಲ.