ಕೊಳಗಲ್ಲಿನ ಹಾದಿಯಲ್ಲಿ

ಬಳ್ಳಾರಿಯಿಂದ ಕೊಳಗಲ್ಲಿಗೆ ಹೋಗುವಾಗ ಎರೆಹೊಲಗಳ ನಡುವೆ ನಿವೇಶನಗಳ ಗಡಿಗಲ್ಲುಗಳನ್ನು ಕಂಡೆವು. ಇತಿಹಾಸಜ್ಞರು ಈ ಊರನ್ನು ಬಲ್ಲುದು ಬೇರೊಂದು ಕಲ್ಲಿನಿಂದ. ರಾಷ್ಟ್ರಕೂಟ ಮೂರನೆಯ ಕೃಷ್ಣನು ಮಡಿದು ಖೊಟ್ಟಿಗನು ಪಟ್ಟಕ್ಕೆ ಬಂದ ಸಂಗತಿಯನ್ನು ಕ್ರಿ.ಶ. 967ರ ಇಲ್ಲಿಯ ಶಾಸನವು ತಿಳಿಸುತ್ತದೆ.

ನಗರಗಳು ಬೆಳೆದಂತೆ ಇಂತಹ ಊರುಗಳನ್ನು ಒಳಗೆ ಸೇರಿಸಿಕೊಳ್ಳುವ ಮಾತು ನಾಡಿನ ಹಲವೆಡೆ ಏಳುತ್ತದೆ. ಒಲ್ಲೆವೆಂದ ಹಳ್ಳಿಗರನ್ನು ಪ್ರಗತಿವಿರೋಧಿಗಳೆಂದು ಜರೆಯುವುದುಂಟು; ನಮಗದು ಸರಿಯೆನಿಸದು. 2007ರಲ್ಲಿ 110 ಹಳ್ಳಿಗಳು ಬೃಹತ್ ಬೆಂಗಳೂರಿಗೆ ಸೇರಿದವು. ಅವುಗಳಿಗೆ ನೀರುಣಿಸಬೇಕಾದ ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಗೊಂಡದ್ದು 2024ರ ಅಕ್ಟೋಬರಿನಲ್ಲಿ. 17 ವರ್ಷ! ಗ್ರಾಮಸಭೆಯಾದರೋ ಸೇರಿದಂದೇ ಹೋಯಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯಂತೆ ಊರಿನ ಪ್ರತಿಯೊಬ್ಬ ಮತದಾರನೂ ಆ ಸಭೆಯ ಸದಸ್ಯ. ಮನೆಯ ತಾಯಂದಿರೂ ಎದ್ದುನಿಂತು ಲೆಕ್ಕ ಕೇಳಬಹುದು. ಪಾಲಿಕೆಯ ಸಭೆಯಲ್ಲಿ ಮಾತನಾಡುವವನು ವಾರ್ಡಿನ ಸದಸ್ಯನೊಬ್ಬನೇ. ಗ್ರಾಮೀಣ ಉದ್ಯೋಗ ಖಾತರಿಯ ಕೂಲಿಯೂ ನಿಲ್ಲುತ್ತದೆ. ತೆರಿಗೆ ಮಾತ್ರ ತಡಮಾಡುವುದಿಲ್ಲ.

ಊರ ಹಿರಿಯರೊಬ್ಬರು, ಸೇರಿಸುವ ಮೊದಲು ಹಳ್ಳಿಯವರನ್ನು ಕೇಳುವರೇ ಎಂದರು. ಕರಡು ಅಧಿಸೂಚನೆ ಹೊರಟಾಗ ಆಕ್ಷೇಪಣೆ ಸಲ್ಲಿಸಲು ಕಾಯಿದೆಯಲ್ಲಿ ಅವಕಾಶವಿದೆಯೆಂದೆವು. ಅದು ಯಾವ ಪತ್ರಿಕೆಯಲ್ಲಿ ಅಚ್ಚಾಗುತ್ತದೆ, ಊರಿಗೆ ಯಾರು ತಂದು ಓದಿಹೇಳುತ್ತಾರೆ ಎಂದು ಅವರು ಮತ್ತೆ ಕೇಳಿದರು.